ನೂಲೆಲ್ಲಿ?

ಇವತ್ತೂ ನೂಲು ಕಿತ್ತುಹೋಯಿತು. ಬೆಳಗ್ಗೆಯಿಂದ ಹನ್ನೊಂದನೇ ಸಲ. ಎಣಿಸಬಾರದು ಅಂದುಕೊಂಡರೂ ಕೋಪ ಬಂದಾಗ ಲೆಕ್ಕ ತಾನಾಗಿ ಆಗುತ್ತದೆ.

ಚಿಕ್ಕಮಗಳೂರಿನ ಆಷಾಢದ ಮಳೆಯಲ್ಲಿ ಸುಮ್ನೆ ಕೂರೋದು ಯಾಕೆ ಅಂತ ಕಾಲಲ್ಲಿ ತುಳಿಯುವ ಉಣ್ಣೆ ರಾಟೆ ತರಿಸಿದೆ. ಹತ್ತಿ ರಾಟೆಯಲ್ಲಿ ಒಂದು ಕೈ ಚಕ್ರ ತಿರುಗಿಸೋದಕ್ಕೇ ಹೋಗುತ್ತದೆ. ಇದರಲ್ಲಿ ಎರಡೂ ಕೈ ಖಾಲಿ. ಹುರಿ ಹಾಕೋದು, ಉರುಳೆಗೆ ಸುತ್ತೋದು ಎಲ್ಲ ಅದರದ್ದೇ ಕೆಲಸ. ಆ ಖಾಲಿ ಕೈಗಳನ್ನು ಈಗ ತಲೆ ಮೇಲೆ ಹೊತ್ತು ಕೂತಿದ್ದೇನೆ.

ಹೊಲಿಗೆ ಮಿಷನ್ ತುಳಿದವರಿಗೆ ಗೊತ್ತಲ್ವಾ, ಸ್ವಲ್ಪ ಮೈಮರೆತರೆ ಚಕ್ರ ಹಿಂದಕ್ಕೆ ತಿರುಗಿಬಿಡುತ್ತದೆ. ಇಲ್ಲಿ ಹಾಗಾದರೆ ಹಾಕಿದ ಹುರಿಯೆಲ್ಲ ಬಿಚ್ಚಿ, ನೂಲು ಮತ್ತೆ ಉಣ್ಣೆಯಾಗಿ ಪುಸಕ್ಕನೆ ಕೈಗೆ ಬರುತ್ತದೆ. ಗಾಬರಿಯಲ್ಲಿ ಜೋರಾಗಿ ತುಳಿದರೆ ಹುರಿ ಜಾಸ್ತಿಯಾಗಿ ಹಂದಿ ಬಾಲದ ಹಾಗೆ ಸುರುಳಿ. ಕೈಗೆಲ್ಲ ಕುರಿಯ ಜಿಡ್ಡು ಬೇರೆ. ಕಾಫಿ ಲೋಟಕ್ಕೂ ಅದೇ ವಾಸನೆ.

ಅದಕ್ಕೇ ಮೊದಲು ಉಣ್ಣೆ ಹಾಕದೆ ಬರೀ ಚಕ್ರ ತುಳಿದು ಕಾಲು ಪಳಗಿಸಬೇಕಂತೆ. ತುಳಿದೆ. ಪಕ್ಕದ ಮನೆ ಆಂಟಿ ದಿನಾ ಸಂಜೆ ಹೆಪ್ಪಿಗೆ ಅಂತ ಲೋಟ ಹಿಡಿದು ಬರುತ್ತಾರೆ. (ಅವರ ಮನೆಯಲ್ಲಿ ಮೊಸರು ಯಾವತ್ತೂ ಉಳಿಯುವುದಿಲ್ಲ ಯಾಕೆ ಅನ್ನೋದು ಬೇರೆ ವಿಷಯ.)

"ಏನೇ ಇದು?"

"ನೂಲು ತೆಗೆಯೋದು ಕಲೀತಿದ್ದೀನಿ ಆಂಟಿ."

"ನೂಲೆಲ್ಲಿ?"

ಮಾರನೇ ದಿನವೂ ನೂಲೆಲ್ಲಿ. ಮೂರನೇ ದಿನ ಕುರ್ಚಿ ಎಳೆದುಕೊಂಡು ಕೂತು ನೋಡಿದರು. ನಾಲ್ಕನೇ ದಿನ ತಂಗಿಯನ್ನೂ ಕರೆತಂದರು. ಐದನೇ ದಿನ ನಮ್ಮೆಜಮಾನರನ್ನು ಗೇಟಿನ ಹತ್ತಿರ ನಿಲ್ಲಿಸಿ, "ಮಂಡಿ ನೋವಿಗೆ ಡಾಕ್ಟರ್ ಹೇಳಿದ್ದಾ?" ಅಂತ ಮೆಲ್ಲಗೆ ಕೇಳಿದರಂತೆ. ಈ ಮನುಷ್ಯ ಹೂಂ ಅಂದುಬಿಟ್ಟಿದ್ದಾರೆ!

ಅವತ್ತಿಂದ ಆಂಟಿ ತಮ್ಮ ಮಂಡಿಗೂ ಇರಲಿ ಅಂತ ಹದಿನೈದು ನಿಮಿಷ ತುಳಿದು ಹೋಗುತ್ತಾರೆ. ಮೂವತ್ತು ವರ್ಷ ರವಿಕೆ ಹೊಲಿದ ಕಾಲು. ಚಕ್ರ ಒಮ್ಮೆಯೂ ಹಿಂದಕ್ಕೆ ಹೋಗುವುದಿಲ್ಲ. ಹೊಟ್ಟೆ ಉರಿಯುತ್ತದೆ.

ಚಿಕ್ಕಂದಿನಲ್ಲಿ ಕಡೂರಿನ ಕಡೆ ಅಜ್ಜಿ ಮನೆಗೆ ಹೋದಾಗ ಕುರಿ ಹಿಂಡಿನ ಹಿಂದೆ ಒಬ್ಬ ಅಜ್ಜ ನಡೆಯುತ್ತಿದ್ದ. ಕಂಕುಳಲ್ಲಿ ಕೋಲು, ಮುಂಗೈಗೆ ಸುತ್ತಿದ ಕರಿ ಉಣ್ಣೆ, ಕೆಳಗೆ ಗಿರ್ರನೆ ತಿರುಗುವ ಕದಿರು. ಕಣ್ಣು ಮಾತ್ರ ಕುರಿಗಳ ಮೇಲೆ. ಆಮೇಲೆ ಅದು ಕಂಬಳಿಯಾಗಿ, ಮಳೆಗಾಲದಲ್ಲಿ ಕೊಪ್ಪೆಯಾಗಿ ನಮ್ಮ ತಾತನ ತಲೆ ಮೇಲೆ ಬರುತ್ತಿತ್ತು. ಒದ್ದೆ ಕಂಬಳಿಯ ಆ ವಾಸನೆಯೇ ಈಗ ನನ್ನ ಕಾಫಿ ಲೋಟದಲ್ಲಿರೋದು. ತೊಳೆಯೋಕೆ ಮನಸ್ಸು ಬರುವುದಿಲ್ಲ.

ಈಗ ಮತ್ತೆ ಎಳೆ ಸೇರಿಸಿ, ಒಂದು ಮಾರು ನೂಲು ಸರಿಯಾಗಿ ಬಂತು. ಗೇಟು ಕಿರ್ರೆಂದಿತು. ಯಾರು ಅಂತ ತಲೆ ಎತ್ತಿದೆ. ಲೋಟ ಕಾಣಿಸಿತು.

ಹನ್ನೆರಡು.