ಹೊಗೆಗೊಂದು ದಾರಿ

ಲೇಸರ್ ಬೆಳಕಿನಿಂದ ಮರ ಸುಟ್ಟು ಚಿತ್ತಾರ ಕೊರೆಯುವ ಮಿಷಿನ್, ಅದೇ ಲೇಸರ್ ಎನ್‌ಗ್ರೇವರ್, ಅದರ ವಿಡಿಯೋಗಳನ್ನು ನೋಡಿದ್ದೀರಾ? ನೀಲಿ ಬೆಳಕು ಅತ್ತಿಂದಿತ್ತ ಓಡಾಡುತ್ತದೆ, ಮರದ ಮೇಲೆ ಹೂಬಳ್ಳಿ ಅರಳುತ್ತದೆ, ಹಿಂದೆ ಇಂಪಾದ ಸಂಗೀತ. ಹೊಗೆ ಮಾತ್ರ ಎಲ್ಲೂ ಕಾಣಲ್ಲ. ಮರ ಸುಟ್ಟರೆ ಹೊಗೆ ಬರುತ್ತದೆ ಅಂತ ಚಿಕ್ಕ ಮಗುವಿಗೂ ಗೊತ್ತು. ನನಗೆ ಮಾತ್ರ ಮಿಷಿನ್ ಮನೆಗೆ ಬಂದ ಮೇಲೆ ಗೊತ್ತಾಯಿತು.

ಮೊದಲ ದಿನ ಪ್ಲೈವುಡ್ ಮೇಲೆ ಮಗಳ ಹೆಸರು ಕೊರೆದೆ. ಮೂರೇ ಅಕ್ಷರ. ಎರಡನೇ ಅಕ್ಷರಕ್ಕೆ ಒಳಗಿನಿಂದ, "ರೀ, ಒಲೆ ಮೇಲೆ ಏನಾದ್ರೂ ಇಟ್ಟು ಮರೆತ್ರಾ?" ಮೂರನೆಯದಕ್ಕೆ ಹೆಂಡತಿ ಬಾಗಿಲಲ್ಲೇ ಪ್ರತ್ಯಕ್ಷ. "ಇದು ಮನೆಯಿಂದ ಆಚೆ ಹೋಗ್ಬೇಕು." ಹೊಗೆನಾ, ಮಿಷಿನ್ನಾ, ನಾನಾ ಅಂತ ಕೇಳುವ ಧೈರ್ಯ ಬರಲಿಲ್ಲ.

ಅವಳ ಮಾತಲ್ಲಿ ತಪ್ಪೇನಿರಲಿಲ್ಲ. ಪ್ಲೈವುಡ್ಡು, ಎಂಡಿಎಫ್ (ಮರದ ನಾರಿಗೆ ಅಂಟು ಹಾಕಿ ಒತ್ತಿದ ಹಲಗೆ) ಇವುಗಳಲ್ಲಿ ಮರದ ಜೊತೆ ಅಂಟೂ ಸುಡುತ್ತದೆ, ಫಾರ್ಮಾಲ್ಡಿಹೈಡ್ ಅನ್ನೋ ವಿಷಗಾಳಿ ಬರುತ್ತದೆ. ಸರಿ, ಹೊಗೆ ಎಳೆಯುವ ವ್ಯವಸ್ಥೆ ನಾನೇ ಮಾಡ್ತೀನಿ ಅಂದೆ. ಒಂದು ಡಬ್ಬ, ಒಂದು ಫ್ಯಾನು, ಒಂದು ಪೈಪು, ಅಷ್ಟೇ ಅಲ್ವಾ?

ಮೊದಲು ಮಿಷಿನ್ ಸುತ್ತ ರಟ್ಟಿನ ಡಬ್ಬ. "ಬೆಂಕಿ ಸುತ್ತ ಹುಲ್ಲು ಕಟ್ತೀರಾ?" ಅಂದಳು. ತಗಡಿನ ಪೆಟ್ಟಿಗೆ ತಂದೆ. ಅದಕ್ಕೆ ಹಳೇ ಕಂಪ್ಯೂಟರಿನ ಫ್ಯಾನ್ ಕೂರಿಸಿ ಕಿಟಕಿಯ ತನಕ 3 ಮೀಟರ್ ಪೈಪ್ ಜೋಡಿಸಿದೆ. ಫ್ಯಾನ್ ಚೆನ್ನಾಗೇ ತಿರುಗಿತು. ಹೊಗೆ ಪೈಪಿನ ಬಾಯಿ ತನಕ ಹೋಗಿ, ಒಳಗೆ ಇಣುಕಿ, ವಾಪಸ್ ಬಂತು. ಬಯಲಲ್ಲಿ ಗಾಳಿ ಬೀಸುವುದೇ ಬೇರೆ, ಸುಕ್ಕುಸುಕ್ಕಾದ ಉದ್ದ ಪೈಪಿನಲ್ಲಿ ಅದನ್ನು ತಳ್ಳುವುದೇ ಬೇರೆ. ಕಂಪ್ಯೂಟರ್ ಫ್ಯಾನಿಗೆ ಅಷ್ಟು ದಮ್ಮಿಲ್ಲ.

ಆಮೇಲೆ ಪೈಪಿನಲ್ಲಿ ಗಾಳಿ ತಳ್ಳುವುದಕ್ಕೇ ಅಂತ ಇರುವ 4 ಇಂಚಿನ ಡಕ್ಟ್ ಫ್ಯಾನ್ ಬಂತು. ಅದನ್ನು ಪೆಟ್ಟಿಗೆಗೇ ಅಂಟಿಸಿ ಬಿಗಿದೆ. ಸ್ವಿಚ್ ಹಾಕಿದ ಕೂಡಲೇ ಪೈಪಿನ ಪ್ರತಿಯೊಂದು ಜಾಯಿಂಟಿನಿಂದಲೂ ಹೊಗೆ ಚಿಮ್ಮಿತು. ಟೇಪ್ ಸುತ್ತಿದೆ. ಪಕ್ಕದ ಜಾಯಿಂಟಿನಿಂದ ಬಂತು. ಅದಕ್ಕೂ ಸುತ್ತಿದೆ. ಮಗಳು ಕುರ್ಚಿ ಎಳೆದುಕೊಂಡು ಕೂತು, "ಅಪ್ಪಾ, ಅಲ್ಲಿ! ಅಪ್ಪಾ, ಇಲ್ಲಿ!" ಅಂತ ಕಾಮೆಂಟರಿ ಶುರು ಮಾಡಿದಳು.

ಒಂದು ಟೇಪ್ ರೋಲ್ ಖಾಲಿಯಾದ ಮೇಲೆ ಬುದ್ಧಿ ಬಂತು. ಫ್ಯಾನ್ ಇರಬೇಕಾದದ್ದು ಪೆಟ್ಟಿಗೆಯ ಹತ್ತಿರ ಅಲ್ಲ, ಕಿಟಕಿಯ ಹತ್ತಿರ. ಆ ತುದಿಯಿಂದ ಎಳೆದರೆ ದಾರಿಯಲ್ಲಿ ಎಲ್ಲಿ ಸಂದಿಯಿದ್ದರೂ ಅದು ಕೋಣೆಯ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ, ಹೊಗೆ ಆಚೆ ಬರಲ್ಲ. ಅರ್ಧ ಗಂಟೆಯ ಕೆಲಸ. ಇದಕ್ಕೆ ಎರಡು ಭಾನುವಾರ ತಿಂದಿದ್ದೆ.

ಈ ಸಲ ಪೆಟ್ಟಿಗೆಯ ಸಂದಿಯಲ್ಲಿ ಟಿಶ್ಯೂ ಪೇಪರಿನ ಪಟ್ಟಿ ಇಳಿಬಿಟ್ಟು ನೋಡಿದೆ. ಒಳಕ್ಕೆ ಬಾಗಬೇಕು. ಸುಮ್ನೆ ನೇತಾಡುತ್ತಿತ್ತು. ಅಷ್ಟರಲ್ಲಿ ಹೆಂಡತಿ ಬಾಗಿಲು ತೆರೆದಳು. ಪಟ್ಟಿ ಸರ್ರನೆ ಒಳಗೆ ಬಾಗಿತು. ಬಾಗಿಲು ಮುಚ್ಚಿದಳು, ಮತ್ತೆ ಜೋತುಬಿತ್ತು. ವಾಸನೆ ಮನೆಗೆ ಹರಡದಿರಲಿ ಅಂತ ಬಾಗಿಲ ಕೆಳಗೆ ಬಟ್ಟೆ ತುರುಕಿದ್ದು ನಾನೇ. ಗಾಳಿ ಒಳಗೆ ಬರದೆ ಫ್ಯಾನ್ ಹೊರಗೆ ಏನನ್ನು ತಳ್ಳೀತು? "ಮಧ್ಯೆ ಮಧ್ಯೆ ಬಂದು ಹೋಗ್ತಿರು" ಅಂದೆ. ಅವಳು ಒಂದು ನೋಟ ನೋಡಿದಳು. ಬಾಗಿಲಿಗೆ ಇಟ್ಟಿಗೆ ಇಟ್ಟೆ.

ನಡುವೆ ಮಗಳು ತನ್ನ ರೆಕ್ಸಿನ್ ಪೌಚ್ ತಂದು ಚಿತ್ತಾರ ಕೊರಿ ಅಂದಳು. ಅದೊಂದಕ್ಕೆ ಖಡಾಖಂಡಿತ ಇಲ್ಲ ಅಂದೆ. ರೆಕ್ಸಿನ್‌ನಲ್ಲಿ ಸಾಮಾನ್ಯವಾಗಿ ಪಿವಿಸಿ ಪ್ಲಾಸ್ಟಿಕ್ ಇರುತ್ತದೆ, ಅದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೂ ಕೇಡು, ಮಿಷಿನ್ನಿಗೂ ತುಕ್ಕು. ಎಷ್ಟೇ ಒಳ್ಳೆ ಫ್ಯಾನ್ ಇರಲಿ, ಆ ಗೊಡವೆ ಬೇಡ.

ಅಂತೂ ಮನೆಯೊಳಗೆ ಹೊಗೆ ನಿಂತಿತು. ನಾನು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದಾಗ ಮೇಲಿನ ಮನೆಯ ಆಂಟಿ ಬಂದರು. "ಒಣಹಾಕಿದ ಬಟ್ಟೆ ಎಲ್ಲಾ ಏನೋ ಸುಟ್ಟ ವಾಸನೆ. ನಿಮ್ಮಲ್ಲೂ ಹೀಗೇನಾ?" ನಮ್ಮ ಕಿಟಕಿಯ ಸರಿಯಾಗಿ ಮೇಲೆ ಅವರ ಬಟ್ಟೆ ಹಗ್ಗ.

ತಪ್ಪೊಪ್ಪಿಕೊಂಡೆ. ಕ್ಷಮೆ ಕೇಳುವುದಕ್ಕೆ ಅಂತ ಮರದ ಹಲಗೆಯ ಮೇಲೆ ಅವರ ಹೆಸರನ್ನು ಬಳ್ಳಿಯ ಅಂಚಿನ ಜೊತೆ ಕೊರೆದು ಮೇಲಕ್ಕೆ ಒಯ್ದೆ. ಆಂಟಿಗೆ ತುಂಬಾ ಖುಷಿಯಾಯಿತು. ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು, ಮೂಗಿನ ಹತ್ತಿರ ತಂದರು.

"ಇದೇ ನೋಡಪ್ಪಾ, ಇದೇ ವಾಸನೆ!"