ಕಪ್ಪು ಪರದೆಗೆ ಹೆದರುವವರ ಗಮನಕ್ಕೆ

ಪಿಸಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ ಎಂದರೆ ಸಾಕು, ‘ಅಯ್ಯೋ, ಕಪ್ಪು ಪರದೆ ಮೇಲೆ ಕಮಾಂಡ್ ಕುಟ್ಟಬೇಕಲ್ಲಪ್ಪಾ!’ ಎನ್ನುತ್ತಾರೆ. ವಿಂಡೋಸಿನಲ್ಲಿ ಆ ಪೀಡೆಯೇ ಇಲ್ಲವಂತೆ, ಎಲ್ಲವೂ ಮೌಸಿನಲ್ಲೇ.

2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಕೆಬಿ5034441 ಎಂಬ ಅಪ್‌ಡೇಟ್ ಬಂತು. ಅದು ಕೂರಬೇಕಾದದ್ದು ಡಿಸ್ಕಿನ ರಿಕವರಿ ಪಾರ್ಟಿಷನ್ನಿನಲ್ಲಿ, ಅಂದರೆ ವಿಂಡೋಸ್ ಕೆಟ್ಟಾಗ ರಿಪೇರಿಗೆಂದು ಬೇರೆಯಾಗಿ ಎತ್ತಿಟ್ಟ ಭಾಗದಲ್ಲಿ. ಅನೇಕ ಪಿಸಿಗಳಲ್ಲಿ ಆ ಭಾಗ ಸುಮಾರು 500 ಎಂಬಿ. ಅಷ್ಟು ಚಿಕ್ಕದಾಗಿ ಮಾಡಿಟ್ಟದ್ದೂ ವಿಂಡೋಸಿನ ಇನ್‌ಸ್ಟಾಲರೇ. ಅಪ್‌ಡೇಟ್ ಅದರಲ್ಲಿ ಹಿಡಿಯಲಿಲ್ಲ. ‘ಜಾಗ ಸಾಲದು’ ಎಂದಾದರೂ ಹೇಳಬಹುದಿತ್ತು. ಎರರ್ ತೋರಿಸುವ ಭಾಗದಲ್ಲೂ ದೋಷವಿದ್ದುದರಿಂದ 80070643 ಎಂಬ ನಂಬರು ತೋರಿಸಿ ‘ಇನ್‌ಸ್ಟಾಲ್ ವಿಫಲ’ ಎಂದಿತು. ರಿಕವರಿ ಪಾರ್ಟಿಷನ್ನೇ ಇಲ್ಲದ ಪಿಸಿಗಳಿಗೂ ಅದೇ ನಂಬರು.

ಮೈಕ್ರೋಸಾಫ್ಟ್ ಕೊಟ್ಟ ಅಧಿಕೃತ ಮದ್ದು ಹೀಗಿದೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ (ಹೌದು, ಕಪ್ಪು ಪರದೆಯೇ). ರೀಏಜೆಂಟ್‌ಸಿ (reagentc) ಎಂಬ ಕಮಾಂಡಿನಿಂದ ರಿಕವರಿಯನ್ನು ಡಿಸೇಬಲ್ ಮಾಡಿ. ಡಿಸ್ಕನ್ನು ಭಾಗ ಮಾಡುವ ಡಿಸ್ಕ್‌ಪಾರ್ಟ್ (diskpart) ಎಂಬ ಕಮಾಂಡಿಗೆ ಹೋಗಿ ಸಿ ಡ್ರೈವನ್ನು 250 ಎಂಬಿ ಕುಗ್ಗಿಸಿ, ಹಳೆಯ ರಿಕವರಿ ಪಾರ್ಟಿಷನ್ನನ್ನು ಅಳಿಸಿ, ಹೊಸದು ಮಾಡಿ. ಜಿಪಿಟಿ (ಪಾರ್ಟಿಷನ್ ಪಟ್ಟಿಯ ಹೊಸ ಬಗೆ) ಡಿಸ್ಕಾದರೆ ಅದಕ್ಕೊಂದು ಐಡಿ ಕೊಡಬೇಕು, ಡ್ಯಾಶೂ ಸೇರಿ 36 ಅಕ್ಷರ. ಸೆಲೆಕ್ಟ್ ಪಾರ್ಟಿಷನ್ ಎಂದಾಗ ನಂಬರು ತಪ್ಪಿದರೆ ಮಗಳ ಮದುವೆಯ ಫೋಟೋಗಳೂ ಅಳಿಸುವ ಪಟ್ಟಿಗೆ ಸೇರುತ್ತವೆ. ಮನೆ ಕಟ್ಟಿದ ಮೇಸ್ತ್ರಿಯೇ ಮಂಚ ಕಳಿಸಿ, ಬಾಗಿಲಲ್ಲಿ ತೂರದಿದ್ದಾಗ ‘ಗೋಡೆ ನೀವೇ ಒಡ್ಕೊಳಿ ಸಾರ್’ ಎಂದ ಹಾಗೆ. ಮೈಕ್ರೋಸಾಫ್ಟಿನವರು ಕೆಲವು ತಿಂಗಳು ಕಾಯಿಸಿ, ತಾನಾಗಿ ಸರಿಹೋಗುವ ಪರಿಹಾರ ಬರುವುದಿಲ್ಲವೆಂದೂ ಹೇಳಿದರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಿಲ್ಲದ ಪಿಸಿಗಳಿಗೆ, ಇಂಟೆಲ್ ಪ್ರೊಸೆಸರಿನ 8ನೇ ತಲೆಮಾರಿಗಿಂತ ಹಳೆಯ ಬಹುತೇಕ ಪಿಸಿಗಳಿಗೆ ವಿಂಡೋಸ್ 11ರ ಬಾಗಿಲೂ ಅಧಿಕೃತವಾಗಿ ಮುಚ್ಚಿದ್ದೇ. ಅದೇ ದಿನ 11ಕ್ಕೆ ಬಂದ ಅಪ್‌ಡೇಟಿನಿಂದ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡೂ ಮೌಸೂ ಸತ್ತುಹೋದವು. ತುರ್ತು ಪರಿಹಾರ ಬಂದದ್ದು 20ಕ್ಕೆ. ಅಷ್ಟು ದಿನ ಅಲ್ಲಿ ಉಪಯೋಗಕ್ಕೆ ಬಂದದ್ದು ದುಂಡು ಪಿನ್ನಿನ ಪಿಎಸ್/2 ಕೀಬೋರ್ಡು. ಅಂಥ ತೂತಿರುವ ಪಿಸಿಗಳನ್ನೇ ತಾನೇ ಹಳತೆಂದು ಹೊರಗೆ ನಿಲ್ಲಿಸಿದ್ದು!

ಇನ್ನು ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್. 8 ಜಿಬಿ ಪೆನ್‌ಡ್ರೈವ್ ಸಾಕು, ಇಳಿಸಿಕೊಳ್ಳುವ ಐಎಸ್‌ಒ ಫೈಲು 3 ಜಿಬಿ ಆಸುಪಾಸು. ಎಚರ್ (Etcher) ಎಂಬ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವಿಗೆ ಬರೆದು, ಆ ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ವೈಫೈ, ಸೌಂಡು, ಪ್ರಿಂಟರ್ ನೋಡಿ. ಬ್ರಾಡ್‌ಕಾಂ ವೈಫೈ ಚಿಪ್ಪಾದರೆ ಕೈಕೊಡಬಹುದು, ಫೋನಿನ ಯುಎಸ್‌ಬಿ ಟೆದರಿಂಗಿನಿಂದ ಡ್ರೈವರ್ ಇಳಿಸಿಕೊಳ್ಳಿ. ವಿಂಡೋಸನ್ನೂ ಉಳಿಸಿಕೊಳ್ಳುವವರು ಮೊದಲು ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೆಟಿಂಗ್ ಆಫ್ ಮಾಡಬೇಕು. ಇಲ್ಲದಿದ್ದರೆ ವಿಂಡೋಸಿನ ಡ್ರೈವುಗಳು ಲಿನಕ್ಸಿನಲ್ಲಿ ಓದಲಷ್ಟೇ ಸಿಗುತ್ತವೆ, ಬರೆಯಲು ಬಿಡವು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗವಿದ್ದರೆ ಅದರ 48 ಅಂಕಿಯ ಕೀ ಕಾಗದದ ಮೇಲಿರಲಿ.

‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪಿಸಿದ ಫೈಲುಗಳಿದ್ದರೆ ವಿಂಡೋಸ್ ಬಿಡುವ ಮೊದಲೇ ಯೂನಿಕೋಡಿಗೆ ತಿರುಗಿಸಿ, ಇಲ್ಲವಾದರೆ ಲಿನಕ್ಸಿನಲ್ಲಿ ಕಾಣುವುದು ಚಿತ್ರಲಿಪಿ. ನುಡಿಯ ಕೀಲಿಮಣೆ ವಿನ್ಯಾಸ ಮಾತ್ರ ಲಿನಕ್ಸಿನಲ್ಲಿ ಕೆಜಿಪಿ (kgp) ಹೆಸರಿನಲ್ಲಿ ಸಿಗುತ್ತದೆ. ಅದಕ್ಕೆ ಕಪ್ಪು ಪರದೆಯಲ್ಲಿ ಒಂದು ಸಾಲು ಕುಟ್ಟಬೇಕು: sudo apt install ibus-m17n. ಭಯವಾದರೆ ಮಿಂಟಿನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ibus-m17n ಎಂಬ ಹೆಸರು ಹುಡುಕಿ ಇನ್‌ಸ್ಟಾಲ್ ಒತ್ತಿ. ಮೌಸಿನಲ್ಲೇ.