ಹೆಸರು ಅಕ್ಟೋಬರ್, ಹಬ್ಬ ಸೆಪ್ಟೆಂಬರಿನದು

ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆಯುವ ಬಿಯರ್ ಹಬ್ಬ ಅಕ್ಟೋಬರ್‌ಫೆಸ್ಟ್‌ಗೆ ಅಕ್ಟೋಬರ್ ಮಧ್ಯದಲ್ಲಿ ಟಿಕೆಟ್ ಮಾಡಿಸಿ ಎಂದು ನಿಮ್ಮ ಲೇಖನದಲ್ಲಿದೆ, ದಯವಿಟ್ಟು ತಿದ್ದಿ. ಸೆಪ್ಟೆಂಬರ್ 15ರ ನಂತರದ ಶನಿವಾರ ಶುರುವಾಗಿ ಅಕ್ಟೋಬರ್ ಮೊದಲ ವಾರದಲ್ಲೇ ಮುಗಿದುಹೋಗುತ್ತದೆ. ಮೈದಾನಕ್ಕೆ ಪ್ರವೇಶ ಉಚಿತ. ಆದರೆ ಟೆಂಟಿನೊಳಗೆ ಬೆಂಚಿನಲ್ಲಿ ಜಾಗ ಹಿಡಿಯದವರಿಗೆ ಬಿಯರ್ ಕೊಡುವುದಿಲ್ಲ. ಇಬ್ಬರು ಮೂವರಾದರೆ ವಾರದ ದಿನ ಮಧ್ಯಾಹ್ನಕ್ಕೆ ಮೊದಲೇ ಹೋಗಿ, ಬುಕಿಂಗ್ ಇಲ್ಲದೆಯೂ ಜಾಗ ಸಿಗುತ್ತದೆ. 3 ಲೀಟರಿಗಿಂತ ದೊಡ್ಡ ಬ್ಯಾಗನ್ನು ಗೇಟಿನಲ್ಲೇ ತಡೆಯುತ್ತಾರೆ. ಕೈಯಲ್ಲಿ ನಗದು ಯೂರೋ ಇರಲಿ.

ಅಲ್ಲಿ ಬಿಯರ್ ಕೊಡುವುದು ಮಾಸ್‌ನಲ್ಲಿ, ಅಂದರೆ 1 ಲೀಟರಿನ ದಪ್ಪ ಗಾಜಿನ ಮಗ್ಗಿನಲ್ಲಿ. ತುಂಬಿದಾಗ ತೂಕ 2 ಕೆಜಿ ದಾಟುತ್ತದೆ. ಅದರ ಮೇಲೆ ಲೀಟರಿನ ಗೆರೆ ಇರುತ್ತದೆ. ನೊರೆ ಇಳಿದ ಮೇಲೆ ಬಿಯರ್ ಗೆರೆಗಿಂತ ತೀರಾ ಕೆಳಗಿದ್ದರೆ ತುಂಬಿಸಿಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಆಲ್ಕೋಹಾಲ್ ಸುಮಾರು ಶೇ. 6, ಮಾಮೂಲಿ ಬಿಯರ್ ಲೆಕ್ಕದಲ್ಲಿ ಕುಡಿದವರೇ ಎಡವುವುದು. ಮೊದಲು ಅರ್ಧ ಕೋಳಿ ರೋಸ್ಟ್ ತಿನ್ನಿ. ಮಗ್ಗನ್ನು ನೆನಪಿಗೆಂದು ಬ್ಯಾಗಿಗೆ ಹಾಕಿಕೊಂಡರೆ ಕಳ್ಳತನದ ಕೇಸಾಗುತ್ತದೆ, ಮಾರಾಟಕ್ಕಿಟ್ಟ ಮಗ್ಗನ್ನೇ ಕೊಳ್ಳಿ.